ಬಿಲ್ ಜಾಸ್ತಿ ಬಂತೆಂದು ಸರ್ವರ್ ಮನೆಗೆ ತರಬೇಕಾ?

ಪ್ರಶ್ನೆ

“ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ಸುಲಿಯಲು ಬರುವವರ ಲೆಕ್ಕಕ್ಕೆಂದು ಒಂದು ಸಣ್ಣ ವೆಬ್ ಆ್ಯಪ್ ಮಾಡಿದ್ದೇನೆ. ಯಾರು ಎಷ್ಟು ಕೆಜಿ ಸುಲಿದರು, ಎಷ್ಟು ಮುಂಗಡ ತೆಗೆದುಕೊಂಡಿದ್ದಾರೆ, ವಾರದ ಬಟವಾಡೆಗೆ ಎಷ್ಟು ಕೊಡಬೇಕು, ಇಷ್ಟೇ. ಮೊದಲು ನಮ್ಮ ಮನೆಗೆ ಮಾತ್ರ ಇತ್ತು. ಈಗ ಸುತ್ತಲಿನ ನಲವತ್ತು ಮನೆಯವರು ಬಳಸುತ್ತಾರೆ. ಜ್ಯಾಂಗೊದಲ್ಲಿ ಬರೆದದ್ದು, ಡೇಟಾಬೇಸ್ ಪೋಸ್ಟ್‌ಗ್ರೆಸ್. ಯೂಟ್ಯೂಬ್ ನೋಡಿಕೊಂಡು ಒಂದು ದೊಡ್ಡ ಕ್ಲೌಡ್ ಕಂಪನಿಯ ಮುಂಬೈ ರೀಜನ್‌ನಲ್ಲಿ ಹಾಕಿದೆ. ಶುರುವಿನಲ್ಲಿ ಕೊಟ್ಟ ಕ್ರೆಡಿಟ್ ಇರುವವರೆಗೆ ಏನೂ ಗೊತ್ತಾಗಲಿಲ್ಲ. ಈಗ ತಿಂಗಳ ಬಿಲ್ 9,000 ರೂಪಾಯಿ ದಾಟಿದೆ. ನಾನು ಯಾರಿಂದಲೂ ದುಡ್ಡು ತೆಗೆದುಕೊಳ್ಳುತ್ತಿಲ್ಲ.

ಬೆಂಗಳೂರಿನಲ್ಲಿರುವ ನಮ್ಮ ಭಾವ, ‘ಹಳೇ ಡೆಸ್ಕ್‌ಟಾಪ್ ಇದೆಯಲ್ಲ, ಮನೆಯಲ್ಲೇ ಹಾಕು, ಅಮೆರಿಕದ ಕಂಪನಿಗಳೇ ಕ್ಲೌಡ್ ಬಿಟ್ಟು ಹೊರಗೆ ಬರ್ತಿವೆ’ ಅನ್ನುತ್ತಾರೆ. ನನ್ನ ಸ್ನೇಹಿತ, ‘ಮನೆಯಲ್ಲಿಟ್ಟರೆ ವಾರದೊಳಗೆ ಹ್ಯಾಕ್ ಆಗುತ್ತೆ, ಕ್ಲೌಡ್‌ನಲ್ಲಾದರೆ ಡೇಟಾ ಹೋಗೋದೇ ಇಲ್ಲ’ ಅನ್ನುತ್ತಾನೆ. ಕೆಲಸದವರ ಬ್ಯಾಂಕ್ ಖಾತೆ ನಂಬರ್, ಆಧಾರ್ ಪ್ರತಿ ಎಲ್ಲ ಅದರಲ್ಲಿದೆ. ಅದೇ ನನಗೆ ಭಯ. ಏನು ಮಾಡಲಿ?”

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಂದು ದುಡ್ಡಿನದು. ಇನ್ನೊಂದು ಕೂಲಿಯವರ ಲೆಕ್ಕ ಕಳೆದುಹೋದರೆ ಅಥವಾ ಬೇರೆಯವರ ಕೈಗೆ ಸಿಕ್ಕರೆ ಏನು ಗತಿ ಎಂಬುದು. ಸರ್ವರ್ ಮನೆಯಲ್ಲಿರಬೇಕೋ ಕ್ಲೌಡ್‌ನಲ್ಲಿರಬೇಕೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟರೆ ಎರಡೂ ಬಗೆಹರಿಯುತ್ತವೆ ಎಂದು ನೀವು ಅಂದುಕೊಂಡಿದ್ದೀರಿ. ಹಾಗಾಗುವುದಿಲ್ಲ. ನಿಮ್ಮ ಬಿಲ್ ಏರಿದ್ದು ಕ್ಲೌಡ್‌ನಲ್ಲಿ ಇಟ್ಟಿದ್ದಕ್ಕಲ್ಲ, ಅಲ್ಲಿ ಇಟ್ಟ ರೀತಿಗೆ. ಡೇಟಾ ಉಳಿಯುವುದೂ ಹೋಗುವುದೂ ನಿಮ್ಮ ಬ್ಯಾಕಪ್ ಮೇಲೆ ನಿಂತಿದೆ. ಸರ್ವರ್ ಯಾವ ಊರಿನಲ್ಲಿದೆ ಎಂಬುದು ಆಮೇಲಿನ ಮಾತು.

ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಆ್ಯಪ್ ಅನ್ನು ಒಂದೇ ಒಂದು ಸಣ್ಣ ಬಾಡಿಗೆ ಸರ್ವರ್‌ಗೆ, ಅಂದರೆ ವಿಪಿಎಸ್‌ಗೆ, ಸಾಗಿಸಿ. ಮನೆಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇಟ್ಟು, ಅದನ್ನು ಬ್ಯಾಕಪ್‌ಗೆ ಮತ್ತು ಹೊಸ ಬದಲಾವಣೆ ಪರೀಕ್ಷಿಸಲು ಬಳಸಿ. ಯಾಕೆ ಅಂತ ಈಗ ವಿವರವಾಗಿ ನೋಡೋಣ.

9,000 ಎಲ್ಲಿಗೆ ಹೋಗುತ್ತಿದೆ?

ನೀವು ಬಿಲ್ಲಿನ ವಿವರ ಕಳಿಸಿಲ್ಲ. ಆದರೆ ಯೂಟ್ಯೂಬ್ ಪಾಠ ನೋಡಿ ಸೆಟಪ್ ಮಾಡಿದವರ ಬಿಲ್ ಸಾಮಾನ್ಯವಾಗಿ ಒಂದೇ ಥರ ಇರುತ್ತದೆ. ಆ ಪಾಠಗಳು ಲಕ್ಷಗಟ್ಟಲೆ ಬಳಕೆದಾರರಿರುವ ಕಂಪನಿಗೆ ಹೇಗೆ ಕಟ್ಟಬೇಕೋ ಹಾಗೆ ಕಟ್ಟಲು ಕಲಿಸುತ್ತವೆ. ಮುಂದೆ ಒಂದು ಲೋಡ್ ಬ್ಯಾಲೆನ್ಸರ್, ಅಂದರೆ ಬಂದವರನ್ನು ಹಲವು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ. ಒಳಗೆ ಪ್ರೈವೇಟ್ ನೆಟ್‌ವರ್ಕ್‌ನಲ್ಲಿ ಆ್ಯಪ್. ಅದು ಹೊರಗಿನಿಂದ ಅಪ್‌ಡೇಟ್ ತರಿಸಿಕೊಳ್ಳಲು ಒಂದು ನ್ಯಾಟ್ ಗೇಟ್‌ವೇ. ಡೇಟಾಬೇಸ್‌ಗೆ ಬೇರೆಯೇ ಒಂದು ಮ್ಯಾನೇಜ್ಡ್ ಸೇವೆ, ಅಂದರೆ ಕಂಪನಿಯೇ ನೋಡಿಕೊಳ್ಳುವಂಥದ್ದು. ನಲವತ್ತು ಮನೆಯವರ ಲೆಕ್ಕಕ್ಕೆ ಇದು ಹತ್ತು ಗುಂಟೆ ತೋಟಕ್ಕೆ ಹತ್ತು ಎಚ್‌ಪಿ ಪಂಪು ಕೂರಿಸಿದಂತೆ.

ಒಂದೊಂದಾಗಿ ನೋಡಿ. ಮುಂಬೈನಲ್ಲಿ ಒಂದು ನ್ಯಾಟ್ ಗೇಟ್‌ವೇಗೆ ಗಂಟೆಗೆ ಐದಾರು ಸೆಂಟ್ ಬಾಡಿಗೆ. ಕೇಳಲು ಏನೂ ಅಲ್ಲ. ಆದರೆ ತಿಂಗಳಿಗೆ ಸುಮಾರು 730 ಗಂಟೆ, ಅಲ್ಲಿಗೆ ಹತ್ತಿರ ಹತ್ತಿರ 40 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೂ 3,600 ಆಯಿತು. ಯಾರೂ ಆ್ಯಪ್ ತೆರೆಯದ ಮಳೆಗಾಲದ ರಾತ್ರಿಯಲ್ಲೂ ಇದು ಓಡುತ್ತಲೇ ಇರುತ್ತದೆ. ಲೋಡ್ ಬ್ಯಾಲೆನ್ಸರ್‌ಗೆ ಇನ್ನೊಂದೂವರೆ ಸಾವಿರ. ಪಬ್ಲಿಕ್ ಐಪಿವಿ4 ವಿಳಾಸಕ್ಕೆ (ಇಂಟರ್ನೆಟ್‌ನಲ್ಲಿ ಮಷಿನ್ ಅನ್ನು ಗುರುತಿಸುವ ನಂಬರ್) ಮೊದಲು, ಅದನ್ನು ಬಳಸುತ್ತಿದ್ದರೆ, ಬೇರೆ ದುಡ್ಡಿರಲಿಲ್ಲ. 2024ರ ಫೆಬ್ರವರಿಯಿಂದ ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್) ಪ್ರತಿ ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಹಾಕುತ್ತಿದೆ. ಮೂರು ವಿಳಾಸ ಇದ್ದರೆ ತಿಂಗಳಿಗೆ ಸಾವಿರ ರೂಪಾಯಿ. ಇದೆಲ್ಲದರ ಮೇಲೆ 18% ಜಿಎಸ್‌ಟಿ. ನಿಮ್ಮ ಆ್ಯಪ್ ನಿಜವಾಗಿ ಓಡುವ ಮಷಿನ್‌ಗೆ ಹೋಗುವ ಪಾಲು ಇದರಲ್ಲಿ ಬಹಳ ಸಣ್ಣದು.

ನಲವತ್ತು ಮನೆಯವರು ಸಂಜೆ ಒಟ್ಟಿಗೆ ಕೂತು ಲೆಕ್ಕ ತುಂಬಿದರೂ 1 ಜಿಬಿ ಮೆಮೊರಿಯ ಒಂದು ಮಷಿನ್ ಜ್ಯಾಂಗೊ, ಪೋಸ್ಟ್‌ಗ್ರೆಸ್ ಎರಡನ್ನೂ ಹೊತ್ತುಕೊಂಡು ನಡೆಯುತ್ತದೆ. ನಿರಾಳವಾಗಿರಲಿ ಅಂದರೆ 2 ಜಿಬಿ ತೆಗೆದುಕೊಳ್ಳಿ. ಬೆಂಗಳೂರು ಅಥವಾ ಮುಂಬೈ ಡೇಟಾ ಸೆಂಟರ್‌ನಲ್ಲೇ ಇಂಥ ವಿಪಿಎಸ್ ಕೊಡುವವರಿದ್ದಾರೆ. ಡಿಜಿಟಲ್ ಓಶನ್‌ಗೆ ಬೆಂಗಳೂರಿನಲ್ಲಿ, ಲಿನೋಡ್‌ಗೆ ಮುಂಬೈನಲ್ಲಿ ಜಾಗ ಇದೆ. ಎಡಬ್ಲ್ಯುಎಸ್‌ನಲ್ಲೇ ಲೈಟ್‌ಸೇಲ್ ಎಂಬ ಸರಳ ಸೇವೆ ಇದೆ. 1 ಜಿಬಿಗೆ ತಿಂಗಳಿಗೆ 5ರಿಂದ 7 ಡಾಲರ್, 2 ಜಿಬಿಗೆ 12 ಡಾಲರ್ ಆಸುಪಾಸು. ತೆರಿಗೆ ಸೇರಿಸಿದರೂ ಐನೂರರಿಂದ ಸಾವಿರದ ಮುನ್ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಇಲ್ಲಿ ದರ ತಿಂಗಳಿಗೆ ಇಷ್ಟು ಎಂದು ಗೊತ್ತಾಗಿರುತ್ತದೆ. ಒಂದು ಸಾವಿರ ಜಿಬಿಯಷ್ಟೋ, ಅದರ ಅರ್ಧದಷ್ಟೋ ಡೇಟಾ ಸಾಗಣೆಯೂ ಅದರಲ್ಲೇ ಸೇರಿರುತ್ತದೆ. ಕೆಜಿ ಲೆಕ್ಕದ ಆ್ಯಪ್‌ಗೆ ಅದು ಯಾವ ಕಾಲಕ್ಕೂ ಮುಗಿಯದು.

ಹಾಗಾಗಿ ನಿಮ್ಮ ಮುಂದಿರುವ ಆಯ್ಕೆ 9,000 ಅಥವಾ ಸೊನ್ನೆ ಅಲ್ಲ. ಸಾವಿರದ ಹತ್ತಿರದ ಒಂದು ಬಾಡಿಗೆ, ಅಥವಾ ಮನೆ. ಈಗ ಮನೆಯ ಲೆಕ್ಕ ಮಾಡುವ ಮೊದಲು ನಿಮ್ಮವರ ಮಾತುಗಳನ್ನು ಸ್ವಲ್ಪ ಶೋಧಿಸೋಣ.

ಭಾವನವರ ಮಾತು, ಸ್ನೇಹಿತರ ಮಾತು

ಭಾವ ಹೇಳಿದ ಕಂಪನಿ ಬಹುಶಃ ಬೇಸ್‌ಕ್ಯಾಂಪ್ ಎಂಬ ಸಾಫ್ಟ್‌ವೇರ್ ನಡೆಸುವ 37ಸಿಗ್ನಲ್ಸ್. ಅವರು 2022ರಲ್ಲಿ ಕ್ಲೌಡ್ ಬಿಡುತ್ತೇವೆ ಎಂದು ಘೋಷಿಸಿದ್ದು ನಿಜ, ಬಿಟ್ಟಿದ್ದೂ ನಿಜ. ಆದರೆ ಆ ವರ್ಷ ಅವರ ಕ್ಲೌಡ್ ಖರ್ಚು 32 ಲಕ್ಷ ಡಾಲರ್. ಅವರು ಸರ್ವರ್ ಕೊಂಡು ಮನೆಯ ಅಟ್ಟದಲ್ಲಿ ಇಡಲಿಲ್ಲ. ಎರಡೆರಡು ಕಡೆಯಿಂದ ಕರೆಂಟು, ಜನರೇಟರ್, ಕಾವಲು ಎಲ್ಲ ಇರುವ ಡೇಟಾ ಸೆಂಟರ್‌ನಲ್ಲಿ ಜಾಗ ಬಾಡಿಗೆಗೆ ಹಿಡಿದರು. ಅದನ್ನು ನೋಡಿಕೊಳ್ಳಲು ಅವರ ಬಳಿ ಮೊದಲಿನಿಂದಲೂ ಒಂದು ತಂಡ ಇತ್ತು. ಆ ಉದಾಹರಣೆ ನಿಮಗೆ ಹೊಂದುವುದಿಲ್ಲ.

ಸ್ನೇಹಿತರ ಮೊದಲ ಮಾತು, ಮನೆಯಲ್ಲಿಟ್ಟರೆ ಹ್ಯಾಕ್ ಆಗುತ್ತೆ ಅನ್ನುವುದು, ಅರ್ಧ ನಿಜ. ಇಂಟರ್ನೆಟ್‌ಗೆ ತೆರೆದುಕೊಂಡ ಯಾವ ಮಷಿನ್‌ನ ಬಾಗಿಲನ್ನೂ ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳು, ತಟ್ಟಿ ನೋಡುತ್ತವೆ. ಅವು ವಿಳಾಸ ಹುಡುಕಿಕೊಂಡು ಬರುವುದಿಲ್ಲ, ಸಾಲಾಗಿ ಎಲ್ಲರ ಬಾಗಿಲನ್ನೂ ತಟ್ಟುತ್ತವೆ. ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಜೆಡ್‌ಮ್ಯಾಪ್ ಎಂಬ ಟೂಲ್ ಮಾಡಿದರು. ಒಂದೇ ಕಂಪ್ಯೂಟರ್‌ನಿಂದ ಇಡೀ ಐಪಿವಿ4 ಲೋಕವನ್ನು 45 ನಿಮಿಷದೊಳಗೆ ಸ್ಕ್ಯಾನ್ ಮಾಡಬಹುದು ಎಂದು ಆಗಲೇ ತೋರಿಸಿದರು. ಹಾಗಾಗಿ ಸುಲಭದ ಪಾಸ್‌ವರ್ಡ್ ಇಟ್ಟ ಸರ್ವರ್ ಮುಂಬೈನಲ್ಲಿದ್ದರೂ ಶಿರಸಿಯಲ್ಲಿದ್ದರೂ ಅಷ್ಟೇ ಬೇಗ ಸಿಕ್ಕಿಬೀಳುತ್ತದೆ. 2017ರ ಜನವರಿಯಲ್ಲಿ ಪಾಸ್‌ವರ್ಡೇ ಇಲ್ಲದ ಸಾವಿರಾರು ಮೊಂಗೊಡಿಬಿ ಡೇಟಾಬೇಸ್‌ಗಳನ್ನು ಅಳಿಸಿಹಾಕಿ ಹಣ ಕೇಳಿದರಲ್ಲ, ಅವುಗಳಲ್ಲಿ ಕ್ಲೌಡ್‌ನಲ್ಲಿದ್ದವೂ ಬಹಳ ಇದ್ದವು.

ಒಂದು ವ್ಯತ್ಯಾಸ ಮಾತ್ರ ನಿಜವಾಗಿ ಇದೆ. ಬಾಡಿಗೆ ಸರ್ವರ್ ಒಳಗೆ ಯಾರಾದರೂ ನುಗ್ಗಿದರೆ ಅವರಿಗೆ ಆ ಒಂದು ಮಷಿನ್ ಸಿಗುತ್ತದೆ. ಮನೆಯ ಸರ್ವರ್ ಒಳಗೆ ನುಗ್ಗಿದರೆ ಅದೇ ವೈಫೈನಲ್ಲಿರುವ ಸಿಸಿಟಿವಿ, ಮಕ್ಕಳ ಲ್ಯಾಪ್‌ಟಾಪ್, ನಿಮ್ಮ ಫೋನ್ ಎಲ್ಲ ಪಕ್ಕದಲ್ಲೇ ಸಿಗುತ್ತವೆ. ಇದನ್ನು ಬೇರ್ಪಡಿಸುವುದು ಸಾಧ್ಯ, ಆದರೆ ಮನೆಗಳಿಗೆ ಕೊಡುವ ರೂಟರ್‌ನಲ್ಲಿ ಅದು ಸಲೀಸಲ್ಲ.

ಸ್ನೇಹಿತರ ಎರಡನೇ ಮಾತು ಮಾತ್ರ ಅಪಾಯದ್ದು. ಕ್ಲೌಡ್‌ನಲ್ಲಿ ಡೇಟಾ ಹೋಗುವುದೇ ಇಲ್ಲ ಎಂದು ನಂಬಿ ಕೂತವರು ಡೇಟಾ ಕಳೆದುಕೊಂಡಿದ್ದಾರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ ಕೂಡ ಅದೇ ಜಾಗದಲ್ಲಿದ್ದ ಗ್ರಾಹಕರು ಅಸಲು, ನಕಲು ಎರಡನ್ನೂ ಕಳೆದುಕೊಂಡರು. ಬೆಂಕಿಯೇ ಬೇಕಿಲ್ಲ. ಕಾರ್ಡ್‌ನಿಂದ ದುಡ್ಡು ಹೋಗದೆ ಅಕೌಂಟ್ ಸ್ಥಗಿತಗೊಂಡರೂ ಸಾಕು. ನಮ್ಮಲ್ಲಿ ಇದು ಬರೀ ಊಹೆಯ ಮಾತಲ್ಲ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಜಾರಿಗೆ ಬಂದಾಗ ವಿದೇಶಿ ಸೇವೆಗಳಿಗೆ ತಾನಾಗಿಯೇ ಕಟ್ ಆಗುತ್ತಿದ್ದ ಎಷ್ಟೋ ಪಾವತಿಗಳು ನಿಂತುಹೋದವು. ಬಿಲ್ ಕಟ್ಟಿಲ್ಲವೆಂಬ ಇಮೇಲ್ ಸ್ಪ್ಯಾಮ್‌ಗೆ ಹೋಯಿತು ಅಂದುಕೊಳ್ಳಿ, ಒಂದು ದಿನ ಸರ್ವರ್ ನಿಲ್ಲುತ್ತದೆ. ಇನ್ನೂ ಕೆಲವು ದಿನ ಬಿಟ್ಟರೆ ಅಳಿಸಿಯೇ ಹೋಗುತ್ತದೆ. ಸಾಧ್ಯವಿದ್ದ ಕಡೆ ಎರಡು ಮೂರು ತಿಂಗಳ ಹಣವನ್ನು ಮುಂಗಡವಾಗಿ ಹಾಕಿಡಿ.

ಮನೆಯಲ್ಲಿ ಇಟ್ಟರೆ ಏನೇನು ಎದುರಾಗುತ್ತದೆ

ಮನೆಯಲ್ಲಿ ಇಡಲೇಬಾರದು ಎಂದು ಹೇಳುವವನಲ್ಲ ನಾನು. ಚೆನ್ನಾಗಿ ನಡೆಸುತ್ತಿರುವವರನ್ನು ನೋಡಿದ್ದೇನೆ. ಕಲಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಮಲೆನಾಡಿನಲ್ಲಿ ಕೂತು ಮಾಡುವಾಗ ಕೆಲವು ವಿಷಯ ಕಣ್ಣಿಗೆ ಬೀಳಬೇಕು.

ಮೊದಲನೆಯದು ವಿಳಾಸ. ನಿಮ್ಮ ಬ್ರಾಡ್‌ಬ್ಯಾಂಡ್‌ಗೆ ಸ್ವಂತ ಪಬ್ಲಿಕ್ ಐಪಿ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ. ಐಪಿವಿ4 ವಿಳಾಸಗಳು ಏಷ್ಯಾ-ಪೆಸಿಫಿಕ್ ವಲಯದಲ್ಲಿ 2011ರ ಏಪ್ರಿಲ್‌ನಲ್ಲೇ ತಳ ಕಂಡವು. ಅಂದಿನಿಂದ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಿವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಹಾಗಿದ್ದಾಗ ನೀವು ಹೊರಗೆ ಹೋಗಬಹುದು, ಹೊರಗಿನವರು ನಿಮ್ಮ ಮಷಿನ್‌ಗೆ ನೇರ ಬರಲಾಗದು. ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದವರನ್ನು ಒಳಗಿನ ಮಷಿನ್‌ಗೆ ಕಳಿಸುವ ಆಯ್ಕೆ) ಎಷ್ಟು ತಿರುಚಿದರೂ ಪ್ರಯೋಜನವಿಲ್ಲ. ಪರೀಕ್ಷೆ ಸುಲಭ. ರೂಟರ್‌ನ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೂಟರ್‌ನ ಹೊರಗಿನ ಕಡೆಯ ವಿಳಾಸ, ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಬೇರೆ ಥರ ಇದ್ದರೂ, ‘ನನ್ನ ಐಪಿ ಏನು’ ಎಂದು ಗೂಗಲ್‌ನಲ್ಲಿ ಹುಡುಕಿದಾಗ ಬರುವ ನಂಬರ್‌ಗೆ ತಾಳೆಯಾಗದಿದ್ದರೆ ಅದೇ ಕಥೆ.

ಇದಕ್ಕೆ ದಾರಿ ಇದೆ. ಕಂಪನಿಯವರನ್ನು ಕೇಳಿ ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ವಿಳಾಸ) ತೆಗೆದುಕೊಳ್ಳಬಹುದು, ಬೇರೆ ದುಡ್ಡು ಆಗುತ್ತದೆ. ಅಥವಾ ಕ್ಲೌಡ್‌ಫ್ಲೇರ್ ಟನಲ್ ಥರದ್ದನ್ನು ಬಳಸಬಹುದು. ಅದರಲ್ಲಿ ನಿಮ್ಮ ಮಷಿನ್ನೇ ಹೊರಗೆ ಒಂದು ಸಂಪರ್ಕ ತೆರೆದು ಇಟ್ಟುಕೊಳ್ಳುತ್ತದೆ. ಬಂದವರೆಲ್ಲ ಅದರ ಮೂಲಕವೇ ಬರುತ್ತಾರೆ. ರೂಟರ್‌ನಲ್ಲಿ ಯಾವ ಬಾಗಿಲೂ ತೆರೆಯಬೇಕಿಲ್ಲ, ಸಣ್ಣ ಬಳಕೆಗೆ ಉಚಿತ. ನನಗೆ ಇಷ್ಟವಾದ ವ್ಯವಸ್ಥೆಯೇ. ಆದರೆ ಎರಡು ಮಾತು ನೆನಪಿರಲಿ. ಗೂಢಲಿಪಿಯಲ್ಲಿ ಸಾಗುವ ನಿಮ್ಮ ಜನರ ಡೇಟಾ ಕ್ಲೌಡ್‌ಫ್ಲೇರ್‌ನ ಸರ್ವರ್‌ನಲ್ಲಿ ಒಮ್ಮೆ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಮತ್ತೆ, ಅವರು ಬಿದ್ದ ದಿನ ನೀವೂ ಬೀಳುತ್ತೀರಿ. 2025ರ ನವೆಂಬರ್ 18ರಂದು ಜಗತ್ತಿನಾದ್ಯಂತ ಆದದ್ದು ಅದೇ. ಪೂರ್ತಿ ಸ್ವಂತ ಎಂದುಕೊಂಡು ಮನೆಗೆ ತಂದದ್ದು ಅಲ್ಲಿಗೆ ಪೂರ್ತಿ ಸ್ವಂತವಾಗಿ ಉಳಿಯಲಿಲ್ಲ, ಅಲ್ವಾ?

ಎರಡನೆಯದು ಕರೆಂಟು. ಇಲ್ಲಿ ನಿಮ್ಮ ಕಡೆಗೇ ಒಂದು ಒಳ್ಳೆಯ ಅಂಶ ಇದೆ. ಮರ ಬಿದ್ದು ಲೈನ್ ಹೋಗುವುದು, ಕಂಬದ ಮೇಲಿನ ಫೈಬರ್ ಕೇಬಲ್ ತುಂಡಾಗುವುದು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್. ನಿಮ್ಮ ಆ್ಯಪ್‌ಗೆ ಕೆಲಸ ಇರುವುದು ಕೊನೆಕೊಯ್ಲಿನ ಸಮಯದಲ್ಲಿ, ಹೆಚ್ಚುಕಮ್ಮಿ ನವೆಂಬರ್‌ನಿಂದ ಫೆಬ್ರವರಿ. ಅಂದರೆ ಮಳೆಗಾಲದಲ್ಲಿ ಎರಡು ದಿನ ಸರ್ವರ್ ಇಲ್ಲದಿದ್ದರೆ ಯಾರಿಗೂ ತಿಳಿಯದೇ ಹೋಗಬಹುದು. ಎಷ್ಟು ಹೊತ್ತು ನಿಂತರೆ ನಡೆಯುತ್ತದೆ ಎಂಬ ಪ್ರಶ್ನೆಗೆ ಪ್ರತಿ ಆ್ಯಪ್‌ಗೂ ಬೇರೆ ಉತ್ತರ ಇರುತ್ತದೆ. ನಿಮ್ಮದಕ್ಕೆ ಉತ್ತರ: ಬಟವಾಡೆ ಸಂಜೆ ಬಿಟ್ಟರೆ ಬಹಳ ಹೊತ್ತು ನಡೆಯುತ್ತದೆ.

ನಿಂತುಹೋಗುವುದಕ್ಕಿಂತ ತೊಂದರೆ ಕೊಡುವುದು ದಿಢೀರನೆ ನಿಲ್ಲುವುದು. ಪೋಸ್ಟ್‌ಗ್ರೆಸ್ ಗಟ್ಟಿ. ಕರೆಂಟು ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವಂತೆಯೇ ಅದನ್ನು ಕಟ್ಟಿದ್ದಾರೆ. ಆದರೆ ಡಿಸ್ಕ್ ‘ಬರೆದೆ’ ಎಂದಾಗ ನಿಜವಾಗಿ ಬರೆದಿದ್ದರೆ ಮಾತ್ರ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಇದು ಖಾತ್ರಿ ಇಲ್ಲ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಹಾಕುವ ಎಸ್‌ಡಿ ಕಾರ್ಡ್‌ಗಳಲ್ಲಿ ಇನ್ನೂ ಕಷ್ಟ. ನಾಲ್ಕಾರು ಸಲ ಹೀಗಾದ ಮೇಲೆ ಫೈಲ್ ಸಿಸ್ಟಮ್ ಕೆಟ್ಟು ಕೂರುವುದು ಈ ಕೆಲಸದಲ್ಲಿ ಇರುವವರೆಲ್ಲ ನೋಡಿರುವ ಸಂಗತಿ. ಹಾಗಾಗಿ ಯುಪಿಎಸ್ ಬೇಕೇ ಬೇಕು. ಮನೆಯ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡ್‌ನಲ್ಲಿಡಿ. ಇಲ್ಲದಿದ್ದರೆ ಅದು ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ಆಫ್ ಆಗಿಬಿಡಬಹುದು. ರೂಟರ್ ಮತ್ತು ಫೈಬರ್ ಪೆಟ್ಟಿಗೆಗೂ ಬ್ಯಾಟರಿ ಬೇಕು. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ಸ್), ಕರೆಂಟು ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆ ಇರುತ್ತದೆ. ಅದನ್ನು ಹಾಕದಿದ್ದರೆ ನೀವು ಊರಲ್ಲಿಲ್ಲದ ದಿನ ಮನೆಯವರಿಗೆ ಫೋನ್ ಮಾಡಿ ಬಟನ್ ಒತ್ತಿಸಬೇಕಾಗುತ್ತದೆ.

ಸಿಡಿಲು ಇನ್ನೊಂದು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮಲೆನಾಡಿನ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಎಲ್ಲ ಪ್ಲಗ್ ಕೀಳುವುದು. ಅದು ಸರಿಯಾದ ಕೆಲಸ. ದಯವಿಟ್ಟು ಸರ್ವರ್ ಇದೆ ಎಂಬ ಕಾರಣಕ್ಕೆ ಮನೆಯವರನ್ನು ತಡೆಯಬೇಡಿ.

ಮೂರನೆಯದು ಕರೆಂಟ್ ಬಿಲ್. ಮನೆಯಲ್ಲಿಟ್ಟರೆ ಫ್ರೀ ಎಂಬುದು ಇಲ್ಲಿ ಸುಳ್ಳಾಗುತ್ತದೆ. ಹಳೇ ಡೆಸ್ಕ್‌ಟಾಪ್ ಸುಮ್ನೆ ಕೂತಿದ್ದರೂ 60ರಿಂದ 80 ವ್ಯಾಟ್ ಎಳೆಯುತ್ತದೆ. 80 ವ್ಯಾಟ್ ಎಂದರೆ ತಿಂಗಳಿಗೆ 57 ಯೂನಿಟ್‌ಗಿಂತ ಹೆಚ್ಚು. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ಮುನ್ನೂರೈವತ್ತರ ಹತ್ತಿರ. ಆದರೆ ನೀವು ಗೃಹಜ್ಯೋತಿಯಲ್ಲಿದ್ದರೆ ಲೆಕ್ಕ ಇಲ್ಲಿಗೆ ನಿಲ್ಲುವುದಿಲ್ಲ. ನಿಮ್ಮ ಉಚಿತ ಯೂನಿಟ್ ಹಳೆಯ ಸರಾಸರಿ ಬಳಕೆಯ ಮೇಲೆ ನಿಗದಿಯಾಗಿದೆ. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮ ತಲೆಗೆ. 150 ಯೂನಿಟ್ ಬಳಸುವ ಮನೆಯನ್ನು ಒಂದು ಹಳೇ ಡೆಸ್ಕ್‌ಟಾಪ್ ಆ ಗೆರೆ ದಾಟಿಸಿಬಿಡುತ್ತದೆ. ಆಗ ಉಳಿಸಲು ಹೋಗಿ ಸಾವಿರಕ್ಕೂ ಮೇಲೆ ಕಳೆದಂತಾಯಿತು.

ಮನೆಯಲ್ಲಿಡುವುದೇ ಆದರೆ ಹಳೇ ಡೆಸ್ಕ್‌ಟಾಪ್ ಬಿಡಿ. ಆಫೀಸುಗಳಿಂದ ಹೊರಬಂದ ಮಿನಿ ಪಿಸಿಗಳು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಅಂಗೈಗಿಂತ ಸ್ವಲ್ಪ ದೊಡ್ಡವು. ಸುಮ್ಮನಿದ್ದಾಗ ಹತ್ತು ಹದಿನೈದು ವ್ಯಾಟ್ ತಿನ್ನುತ್ತವೆ. ತಿಂಗಳಿಗೆ ಹತ್ತು ಯೂನಿಟ್ ಅಷ್ಟೇ. ಡಿಸ್ಕ್ ಮಾತ್ರ ಹೊಸದು ಹಾಕಿಸಿ.

ನಾಲ್ಕನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನೀವೇ. ನಿಮ್ಮ ತೋಟದಲ್ಲೂ ಕೊನೆಕೊಯ್ಲು ಅದೇ ತಿಂಗಳು. ಡಿಸೆಂಬರ್‌ನ ಒಂದು ಬಟವಾಡೆ ಸಂಜೆ ಆ್ಯಪ್ ತೆರೆಯುತ್ತಿಲ್ಲ ಎಂದು ನಲವತ್ತು ಮನೆಯಿಂದ ಫೋನ್ ಬಂದರೆ, ಕರೆಂಟೋ, ಫೈಬರೋ, ರೂಟರೋ, ಡಿಸ್ಕೋ, ನಿಮ್ಮದೇ ಕೋಡೋ ಎಂದು ನೀವೊಬ್ಬರೇ ಹುಡುಕಬೇಕು. ವಿಪಿಎಸ್‌ನಲ್ಲಿದ್ದರೆ ಇವುಗಳಲ್ಲಿ ಮೊದಲ ನಾಲ್ಕನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ತಿಂಗಳಿಗೆ ಸಾವಿರ ರೂಪಾಯಿ ಕೊಡುವುದು ಇದಕ್ಕೇ. ಕೂಲಿ ಕೈಗೆ ಬರಬೇಕೆಂದು ನಿಂತಿರುವವರ ಎದುರು ‘ಸರ್ವರ್ ಡೌನ್’ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಮನೆಯ ಆಯ್ಕೆಯನ್ನು ನಾನು ಬದಿಗಿಡುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ. ಸರ್ವರ್ ಎಲ್ಲಿದ್ದರೂ ವಾರದ ಪಟ್ಟಿಯನ್ನು ಬಟವಾಡೆಯ ಹಿಂದಿನ ರಾತ್ರಿ ಪಿಡಿಎಫ್ ಮಾಡಿ ಎಲ್ಲರ ವಾಟ್ಸ್‌ಆ್ಯಪ್‌ಗೆ ಕಳಿಸುವ ವ್ಯವಸ್ಥೆ ಮಾಡಿ. ದೊಡ್ಡ ಕ್ಲೌಡ್‌ಗಳೂ ಬೀಳುತ್ತವೆ. 2025ರ ಅಕ್ಟೋಬರ್ 20ರಂದು ಎಡಬ್ಲ್ಯುಎಸ್‌ನ ಉತ್ತರ ವರ್ಜೀನಿಯಾ ರೀಜನ್ ಗಂಟೆಗಟ್ಟಲೆ ಒದ್ದಾಡಿತು.

ಆಧಾರ್ ಪ್ರತಿ ಯಾಕೆ ಬೇಕು?

ನಿಮ್ಮ ಭಯಕ್ಕೆ ನಾನು ಕೊಡಬಹುದಾದ ಅತಿ ಅಗ್ಗದ ಮದ್ದು ಇದು. ಕೆಲಸದವರ ಆಧಾರ್ ಪ್ರತಿಗಳನ್ನು ಆ್ಯಪ್‌ನಿಂದ ಅಳಿಸಿ. ಖಾತೆಗೆ ಕೂಲಿ ಹಾಕಲು ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಸಾಕು. ಇಲ್ಲದ್ದನ್ನು ಯಾರೂ ಕದಿಯಲಾರರು. ಹಳೆಯ ಬ್ಯಾಕಪ್‌ಗಳಲ್ಲೂ ಆ ಚಿತ್ರಗಳು ಇರುತ್ತವೆ, ಅಲ್ಲಿಂದಲೂ ತೆಗೆಯಿರಿ.

ಡೇಟಾ ಭಾರತದಲ್ಲೇ ಇದ್ದರೆ ಕಾನೂನಿನ ತೊಂದರೆ ಇಲ್ಲ, ಸ್ವಂತ ಮಷಿನ್‌ನಲ್ಲಿದ್ದರೆ ಇನ್ನೂ ಒಳ್ಳೆಯದು ಎಂದು ಕೆಲವರು ಹೇಳುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಹಾಗೆ ಯೋಚಿಸುವುದಿಲ್ಲ. ಜನರ ಮಾಹಿತಿಯನ್ನು ಯಾಕೆ, ಹೇಗೆ ಬಳಸಬೇಕು ಎಂದು ತೀರ್ಮಾನಿಸುವವರು ಯಾರೋ ಅವರ ಮೇಲೆ ಹೊಣೆ. ಸರ್ವರ್ ಬಾಡಿಗೆಯದೋ ಸ್ವಂತದ್ದೋ ಎಂಬುದರಿಂದ ಅದು ಬದಲಾಗದು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿವೆ. ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಸರಿಯಾದ ಭದ್ರತೆ ಇಡದಿದ್ದಕ್ಕೆ ದಂಡದ ಗರಿಷ್ಠ ಮಿತಿ 250 ಕೋಟಿ. ನಿಮ್ಮಂಥವರ ಮೇಲೆ ಅಷ್ಟು ಬೀಳುತ್ತದೆ ಎಂದು ಹೆದರಿಸುತ್ತಿಲ್ಲ. ಕೆಲಸದವರಿಗೆ ಏನು ಬರೆದಿಡುತ್ತಿದ್ದೇವೆ ಎಂದು ಹೇಳಿ ಒಪ್ಪಿಗೆ ಪಡೆಯಿರಿ, ಬೇಡದ್ದನ್ನು ಇಡಬೇಡಿ.

ನಾನಾದರೆ ಹೀಗೆ ಮಾಡುತ್ತಿದ್ದೆ

2 ಜಿಬಿಯ ಒಂದು ವಿಪಿಎಸ್, ಬೆಂಗಳೂರು ಅಥವಾ ಮುಂಬೈನಲ್ಲಿ. ಅದರಲ್ಲಿ ಉಬುಂಟು ಅಥವಾ ಡೆಬಿಯನ್ ಲಿನಕ್ಸ್. ದೂರದಿಂದ ಸರ್ವರ್ ಒಳಗೆ ಹೋಗುವ ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಪೂರ್ತಿ ಬಂದ್, ಕೀ ಫೈಲ್ ಇದ್ದರೆ ಮಾತ್ರ ಪ್ರವೇಶ. ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಹಾಕಿಕೊಳ್ಳುವಂತೆ ಸೆಟ್ ಮಾಡಿ. ಫೈರ್‌ವಾಲ್‌ನಲ್ಲಿ ಎಸ್‌ಎಸ್‌ಎಚ್ ಮತ್ತು ವೆಬ್‌ಗೆ ಬೇಕಾದ 22, 80, 443 ಪೋರ್ಟ್‌ಗಳನ್ನು (ಒಳಬರುವ ಬಾಗಿಲುಗಳು) ಬಿಟ್ಟು ಬೇರೆ ಏನೂ ತೆರೆದಿರಬಾರದು. ಪೋಸ್ಟ್‌ಗ್ರೆಸ್ ಆ ಮಷಿನ್‌ನ ಒಳಗಿನವರ ಮಾತನ್ನು ಮಾತ್ರ ಕೇಳಬೇಕು.

ಆ್ಯಪ್‌ಗಳನ್ನು ಪೆಟ್ಟಿಗೆಗಳಂತೆ ಬೇರೆ ಬೇರೆಯಾಗಿ ಓಡಿಸುವ ಡಾಕರ್ ಬಳಸುತ್ತಿದ್ದರೆ ಒಂದು ಎಚ್ಚರ. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಒಂದು ಪೋರ್ಟ್ ಮುಚ್ಚಿದ್ದೇನೆ ಎಂದು ನೀವು ಅಂದುಕೊಂಡಿರುತ್ತೀರಿ. ಡಾಕರ್ ತನ್ನ ಪೋರ್ಟ್‌ಗಳನ್ನು ಅದರ ಕೈಗೆ ಸಿಗದಂತೆ ನೇರವಾಗಿ ಹೊರಗೆ ತೆರೆದುಬಿಡುತ್ತದೆ. ಡೇಟಾಬೇಸ್ ಪೋರ್ಟ್ ಹೀಗೆ ಬಯಲಿಗೆ ಬಿದ್ದದ್ದನ್ನು ಬೇರೆಯವರ ಸರ್ವರ್‌ಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಪೋರ್ಟ್ ಬರೆಯುವಾಗ ಮುಂದೆ 127.0.0.1 (ಅದೇ ಮಷಿನ್ ಎಂಬರ್ಥದ ವಿಳಾಸ) ಸೇರಿಸಿ. ಆಮೇಲೆ ಹೊರಗಿನ ಬೇರೆ ಕಂಪ್ಯೂಟರ್‌ನಿಂದ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಟೂಲ್ ಹಾಕಿ ನೀವೇ ಪರೀಕ್ಷಿಸಿ.

ಎಚ್‌ಟಿಟಿಪಿಎಸ್‌ಗೆ (ಬ್ರೌಸರ್ ಮತ್ತು ಸರ್ವರ್ ನಡುವಿನ ಸುರಕ್ಷಿತ ಸಂಪರ್ಕ) ದುಡ್ಡು ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ 2015ರ ಕೊನೆಯಿಂದ ಎಲ್ಲರಿಗೂ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿದೆ. ಮುಂದೆ ಕ್ಯಾಡಿ ಎಂಬ ವೆಬ್ ಸರ್ವರ್ ಇಟ್ಟರೆ ಅದು ತಾನೇ ತರಿಸಿಕೊಂಡು ತಾನೇ ನವೀಕರಿಸಿಕೊಳ್ಳುತ್ತದೆ. ಡೊಮೇನ್ ನಿಮ್ಮ ಹೆಸರಿನಲ್ಲೇ ಇರಲಿ, ಸರ್ವರ್ ಕೊಟ್ಟ ಕಂಪನಿಯಲ್ಲಿ ಬೇಡ, ಬೇರೆ ಕಡೆ ಇರಲಿ. ಒಂದು ಅಕೌಂಟ್ ಕೈತಪ್ಪಿದರೂ ಹೆಸರನ್ನು ಬೇರೆ ಸರ್ವರ್ ಕಡೆ ತಿರುಗಿಸಲು ಆಗುತ್ತದೆ.

ಇಮೇಲ್ ಕಳಿಸುವುದಿದ್ದರೆ ಸ್ವಂತ ಮೇಲ್ ಸರ್ವರ್ ಕಟ್ಟುವ ಸಾಹಸಕ್ಕೆ ಹೋಗಬೇಡಿ. ಎಷ್ಟೋ ಕ್ಲೌಡ್‌ಗಳು ಮೇಲ್ ಹೋಗುವ ಪೋರ್ಟ್ 25 ಅನ್ನು ಮೊದಲೇ ಮುಚ್ಚಿರುತ್ತವೆ. ಮನೆಯ ಐಪಿಯಿಂದ ಹೋದ ಮೇಲ್ ಅಂತೂ ಸೀದಾ ಸ್ಪ್ಯಾಮ್‌ಗೆ. ನಿಮ್ಮ ಪರವಾಗಿ ಮೇಲ್ ಕಳಿಸುವ ಯಾವುದಾದರೂ ರಿಲೇ ಸೇವೆ ಬಳಸಿ.

ಬ್ಯಾಕಪ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ

ವಿಪಿಎಸ್ ಕಂಪನಿಯವರು ಕೊಡುವ ಸ್ನ್ಯಾಪ್‌ಶಾಟ್ (ಇಡೀ ಸರ್ವರ್ ಡಿಸ್ಕ್‌ನ ಆ ಕ್ಷಣದ ಪ್ರತಿ) ಒಳ್ಳೆಯದೇ, ತೆಗೆದುಕೊಳ್ಳಿ. ಆದರೆ ಅದು ಅದೇ ಅಕೌಂಟ್‌ನಲ್ಲಿದೆ. ಅಕೌಂಟ್ ಹೋದರೆ ಅದೂ ಹೋಯಿತು. ಆದ್ದರಿಂದ ದಿನವೂ ರಾತ್ರಿ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿಡಂಪ್‌ನಿಂದ ಡೇಟಾಬೇಸ್‌ನ ಪ್ರತಿ ತೆಗೆದು ಬೇರೆ ಕಡೆ ಸಾಗಿಸಬೇಕು. ಮನೆಯ ಮಿನಿ ಪಿಸಿಗೆ ಕೆಲಸ ಬರುವುದು ಇಲ್ಲೇ.

ಸರ್ವರ್‌ನಿಂದ ಮನೆಗೆ ಕಳಿಸುವುದಲ್ಲ, ಮನೆಯ ಮಷಿನ್ನೇ ಹೋಗಿ ತರಬೇಕು. ಸರ್ವರ್ ಬಳಿ ಮನೆಯ ಕೀಲಿ ಇರಲೇಬಾರದು. ಆಗ ಸರ್ವರ್‌ಗೆ ಯಾರಾದರೂ ನುಗ್ಗಿದರೂ ಮನೆಯಲ್ಲಿರುವ ಪ್ರತಿಗಳನ್ನು ಅಳಿಸಲು ಅವರಿಂದಾಗದು. ಈ ಕೆಲಸಕ್ಕೆ ಪಬ್ಲಿಕ್ ಐಪಿ ಬೇಡ, ಸಿಜಿನ್ಯಾಟ್ ಅಡ್ಡಿಯಲ್ಲ. ಗುಡುಗು ಬಂದಾಗ ಪ್ಲಗ್ ಕಿತ್ತರೂ ನಷ್ಟವಿಲ್ಲ, ಮರುದಿನ ತಂದುಕೊಳ್ಳುತ್ತದೆ. ಮಳೆಗಾಲದಲ್ಲಿ ಎರಡು ದಿನ ಆಫ್ ಇದ್ದರೂ ಯಾರ ಕೂಲಿಯೂ ನಿಲ್ಲದು. ಮನೆಯಲ್ಲಿ ಸರ್ವರ್ ಇಡಲು ಅಡ್ಡಿಯಾಗಿದ್ದ ಎಲ್ಲ ಕಾರಣಗಳೂ ಬ್ಯಾಕಪ್ ಮಷಿನ್‌ಗೆ ಲೆಕ್ಕಕ್ಕೇ ಬರುವುದಿಲ್ಲ. ಪ್ರತಿಗಳನ್ನು ಎನ್‌ಕ್ರಿಪ್ಟ್ ಮಾಡಿಡಿ. ರೆಸ್ಟಿಕ್ ಇದಕ್ಕೆ ಒಳ್ಳೆಯ ಟೂಲ್, ಅದರ ಪಾಸ್‌ವರ್ಡ್ ಕಾಗದದಲ್ಲಿ ಬರೆದು ಮನೆಯ ದಾಖಲೆಗಳ ಜೊತೆ ಇಡಿ. ತಿಂಗಳಿಗೊಮ್ಮೆ ಒಂದು ಹಾರ್ಡ್ ಡಿಸ್ಕ್‌ಗೆ ತುಂಬಿ ಬೇರೆ ಮನೆಯಲ್ಲಿ ಇಟ್ಟರೆ ಇನ್ನೂ ಗಟ್ಟಿ.

ಇಷ್ಟು ಮಾಡಿದರೂ ಅರ್ಧ ಕೆಲಸವೇ. 2017ರ ಜನವರಿ 31ರಂದು ಪ್ರೋಗ್ರಾಮರ್‌ಗಳ ಕೋಡ್ ಇಡುವ ಸೇವೆ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ತಪ್ಪಿ ಅಸಲು ಡೇಟಾಬೇಸ್‌ನ ಫೋಲ್ಡರನ್ನೇ ಅಳಿಸಿದರು. ಬ್ಯಾಕಪ್‌ಗೆ ಹಲವು ವ್ಯವಸ್ಥೆಗಳಿದ್ದವು. ಬೇಕಾದಾಗ ನೋಡಿದರೆ ಒಂದೊಂದಾಗಿ ಕೈಕೊಟ್ಟವು. ಒಬ್ಬರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್‌ನಿಂದ ಉಳಿದುಕೊಂಡರು. ಅವರು ಅದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿದರು, ಅದಕ್ಕೆ ಅವರ ಬಗ್ಗೆ ನನಗೆ ಗೌರವ ಇದೆ. ನೀವು ಕೊನೆಕೊಯ್ಲು ಶುರುವಾಗುವ ಮೊದಲು, ಅಕ್ಟೋಬರ್‌ನ ಒಂದು ಸಂಜೆ, ಮನೆಯ ಮಿನಿ ಪಿಸಿಯ ಮೇಲೆ ಹಿಂದಿನ ರಾತ್ರಿಯ ಪ್ರತಿಯಿಂದ ಇಡೀ ಆ್ಯಪ್ ಎಬ್ಬಿಸಿ ನೋಡಿ. ಒಬ್ಬರ ಮುಂಗಡ, ಒಬ್ಬರ ಕೆಜಿ ಲೆಕ್ಕ ಅಸಲಿಗೆ ತಾಳೆ ಮಾಡಿ. ಸುಗ್ಗಿಯ ಮಧ್ಯೆ ಇನ್ನೊಮ್ಮೆ.

ಸಾಗಿಸುವ ದಿನ

ಈಗ ಸುಲಿತ ನಡೆಯುತ್ತಿದ್ದರೆ ಏನೂ ಮುಟ್ಟಬೇಡಿ. ಒಂದೆರಡು ತಿಂಗಳು 9,000 ಹೋದರೂ ಪರವಾಗಿಲ್ಲ, ಲೆಕ್ಕ ತಪ್ಪಬಾರದು. ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಇಟ್ಟುಕೊಳ್ಳಿ. ಹಿಂದಿನ ದಿನವೇ ಡಿಎನ್‌ಎಸ್‌ನ (ಡೊಮೇನ್ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ಪಟ್ಟಿ) ಟಿಟಿಎಲ್ ಅನ್ನು, ಅಂದರೆ ಹಳೆಯ ವಿಳಾಸವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡ್‌ಗೆ ಇಳಿಸಿ. ಅಂದು ಹಳೆಯ ಆ್ಯಪ್‌ಗೆ ಬರೆಯುವುದನ್ನು ನಿಲ್ಲಿಸಿ, ಡೇಟಾಬೇಸ್ ಪ್ರತಿ ತೆಗೆದು ಹೊಸದಕ್ಕೆ ತುಂಬಿ, ಒಟ್ಟು ಮೊತ್ತಗಳನ್ನು ಹೋಲಿಸಿ, ಆಮೇಲೆ ಹೆಸರನ್ನು ತಿರುಗಿಸಿ. ಹಳೆಯದನ್ನು ಒಂದು ವಾರ ಹಾಗೇ ನಿಲ್ಲಿಸಿಡಿ.

ವಾರದ ಮೇಲೆ ಹಳೆಯದನ್ನು ಅಳಿಸುವಾಗ ಮಷಿನ್ ಒಂದನ್ನೇ ಅಳಿಸಿ ಬಂದರೆ ಬಿಲ್ ನಿಲ್ಲುವುದಿಲ್ಲ. ನ್ಯಾಟ್ ಗೇಟ್‌ವೇ, ಲೋಡ್ ಬ್ಯಾಲೆನ್ಸರ್, ಕಾಯ್ದಿರಿಸಿದ ಐಪಿಗಳು, ಡಿಸ್ಕ್ ವಾಲ್ಯೂಮ್‌ಗಳು, ಡೇಟಾಬೇಸ್ ಸ್ನ್ಯಾಪ್‌ಶಾಟ್‌ಗಳು, ಪ್ರತಿಯೊಂದನ್ನೂ ಹುಡುಕಿ ತೆಗೆಯಬೇಕು. ಬಜೆಟ್ ಅಲರ್ಟ್ ಇಟ್ಟಿದ್ದೇನಲ್ಲ ಎಂದುಕೊಳ್ಳಬೇಡಿ, ಅದು ಇಮೇಲ್ ಕಳಿಸುತ್ತದೆ, ಖರ್ಚು ತಡೆಯುವುದಿಲ್ಲ. ಬಿಲ್ಲಿಂಗ್ ಪುಟದಲ್ಲಿ ಸೇವೆವಾರು ಪಟ್ಟಿ ಇರುತ್ತದೆ. ಮುಂದಿನ ಪೂರ್ತಿ ತಿಂಗಳು ಅದರಲ್ಲಿ ಪ್ರತಿ ಸಾಲೂ ಸೊನ್ನೆ ತೋರಿಸಿದ ಮೇಲೆಯೇ ಆ ಅಕೌಂಟ್ ಮುಚ್ಚಿ.